ಇನ್ನೂರ ಹನ್ನೆರಡನೇ ಪುಟದ ಕ್ಷಮೆ

ನಲವತ್ತು ದಿನಗಳಿಂದ ಮಾತು ಬಿಟ್ಟಿದ್ದ ಅಕ್ಕನನ್ನು ಒಂದೇ ಸಂಜೆಯಲ್ಲಿ ಒಲಿಸಿಕೊಳ್ಳುತ್ತೇನೆಂದು ಗಂಡನೆದುರು ಘೋಷಿಸಿದೆ. ನಾನೇನು ಸಾಮಾನ್ಯಳೇ! ಪ್ರಾಥಮಿಕ ಶಾಲೆಯ ಟೀಚರ್. ಕಚ್ಚಾಡುವ ಮಕ್ಕಳಿಂದ ದಿನಕ್ಕೆ ಮೂವತ್ತು ಸಲ 'ಸಾರಿ' ಹೇಳಿಸಿ ಕೈಕುಲುಕಿಸುವ ಶಾಂತಿದೂತೆ!

ಜಗಳದ ಮೂಲ ಚಿಕ್ಕದು. ಅಕ್ಕ ಹತ್ತು ದಿನ ಪರವೂರಿಗೆ ಹೋದಾಗ ಅವಳ ಹನ್ನೊಂದು ಹೂಕುಂಡಗಳನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ನೋಡಿಕೊಂಡೆ. ನೀರು ಹಾಕಲಿಲ್ಲ, ಅಷ್ಟೆ! ಎಲ್ಲ ಒಣಗಿದ ಮೇಲೆ ಗಾಬರಿಯಾಗಿ ಪ್ಲಾಸ್ಟಿಕ್ ಗಿಡಗಳನ್ನು ತಂದು ನೆಟ್ಟೆ. ಅಕ್ಕ ಮೂರು ವಾರ ಅವಕ್ಕೆ ನೀರುಣಿಸಿದಳು, ಗೊಬ್ಬರ ಹಾಕಿದಳು, "ಎಷ್ಟು ಹಸಿರಾಗಿವೆ ನೋಡಿ!" ಎಂದು ಪಕ್ಕದ ಮನೆಯವರನ್ನು ಕರೆದು ತೋರಿಸಿದಳು. ಎಲೆಯ ಹಿಂದಿನ ಬೆಲೆಚೀಟಿ ಕಂಡದ್ದು ಆ ಪಕ್ಕದ ಮನೆಯವರಿಗೇ!

ನನ್ನ ಬ್ರಹ್ಮಾಸ್ತ್ರ ಒಂದು ದಪ್ಪ ಪುಸ್ತಕ. ನಾವಿಬ್ಬರೂ ಒಂದು ಕಂತೂ ಬಿಡದೆ ನೋಡಿದ ಟೀವಿ ಧಾರಾವಾಹಿಯ ಸಂಭಾಷಣೆಗಳೆಲ್ಲ ಅದರಲ್ಲಿ ಅಚ್ಚಾಗಿದ್ದವು. ಕಥೆ ಇಬ್ಬರು ಅಕ್ಕತಂಗಿಯರದು. ಒಬ್ಬಳು ಸಿಡುಕಿ, ಇನ್ನೊಬ್ಬಳು ಸುಳ್ಳುಬುರುಕಿ. ನಮಗೂ ಅವರಿಗೂ ಯಾವ ಹೋಲಿಕೆಯೂ ಇಲ್ಲ! ಇನ್ನೂರ ಹನ್ನೆರಡನೇ ಪುಟದಲ್ಲಿ ತಂಗಿ ಕ್ಷಮೆ ಕೇಳುತ್ತಾಳೆ, ಅಕ್ಕ ತಬ್ಬಿಕೊಳ್ಳುತ್ತಾಳೆ. ನಾವಿಬ್ಬರೂ ಕೂತು ಅದನ್ನು ಓದಿಬಿಟ್ಟರೆ ಮುಗಿಯಿತಲ್ಲ!

ಪುಸ್ತಕದ ಫೋಟೋ ಕಳಿಸಿದ ಅರ್ಧ ಗಂಟೆಗೆ ಅಕ್ಕ ಬಾಗಿಲಲ್ಲಿದ್ದಳು.

"ಪುಸ್ತಕಕ್ಕೋಸ್ಕರ ಬಂದಿದೀನಿ. ನಿನಗೋಸ್ಕರ ಅಲ್ಲ."

ಅಕ್ಕನ ಮಾತು ಅವಳು, ತಂಗಿಯ ಮಾತು ನಾನು ಓದುವುದೆಂದು ಹಂಚಿ ಪುಸ್ತಕ ತೆರೆದೆ. "ನನಗೆ ಪಾತ್ರ ಇಲ್ವಾ?" ಎಂದ ಗಂಡ.

"ಸಿಂಕಿನಲ್ಲಿ ರಾಶಿ ಬಿದ್ದಿವೆ, ಎಲ್ಲಾ ನಿಮ್ಮವೇ!" ಎಂದೆ. ಅವನ ಮುಖ ಸಪ್ಪಗಾಯಿತೆಂದು ಕಂಸದೊಳಗಿನ ಸೂಚನೆಗಳನ್ನು ಓದುವ ಕೆಲಸ ಕೊಟ್ಟೆ.

ಅಕ್ಕ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. "ನಿನ್ನಿಂದ... ನನ್ನ ಹೃದಯ... ಒಡೆದಿದೆ" ಎಂದು ಅವಳು ಓದಿದ ಧಾಟಿ ಹೇಗಿತ್ತೆಂದರೆ, ಆ ಹೃದಯ ನಾಲ್ಕನೇ ಅಂಕಣದಿಂದ ಇಪ್ಪತ್ತು ನಿಮಿಷ ತಡವಾಗಿ ಹೊರಡಲಿದೆಯೇನೋ!

ನನ್ನ ಸರದಿ. ನಾಲ್ಕು ದಿನ ಕನ್ನಡಿಯೆದುರು ತಾಲೀಮು ಮಾಡಿದ್ದೆ. ಗಂಟಲು ನಡುಗಿಸಿ ಓದಿದೆ: "ತಪ್ಪೆಲ್ಲ ನನ್ನದೇ ಅಕ್ಕಾ! ನಿನ್ನ ನಂಬಿಕೆ ಮುರಿದೆ. ಕ್ಷಮಿಸು!"

"ಅಕ್ಕ ಕಣ್ಣೊರೆಸಿಕೊಂಡು ತಂಗಿಯನ್ನು ತಬ್ಬಿಕೊಳ್ಳುತ್ತಾಳೆ" ಎಂದು ಗಂಡ ಓದಿದ.

ನಾನು ತೋಳು ಚಾಚಿದೆ. ಯಾರೂ ಬರಲಿಲ್ಲ. ಗಂಡ ಇನ್ನೂ ಜೋರಾಗಿ ಓದಿದ. ಅಕ್ಕ ಕನ್ನಡಕ ತೆಗೆದಳು.

"ಚೆನ್ನಾಗಿ ಓದಿದೆ. ಇದು ಕಥೆಯ ತಂಗಿ ಕೇಳಿದ ಕ್ಷಮೆ. ನಿಂದೆಲ್ಲಿ?"

ನಾನು ಪುಟ ತಿರುಗಿಸಿದೆ. ಅಲ್ಲೂ ಇರಲಿಲ್ಲ. "ಅದು... ಗಿಡ... ನೀರು..." ಎಂದು ಒಂದನೇ ಕ್ಲಾಸಿನ ಮಗುವಿನಂತೆ ತೊದಲಿದೆ.

"ಗಿಡ ಒಣಗಿದ್ದಕ್ಕಲ್ಲ ಕಣೇ ಕೋಪ! ನಾನು ಪೆದ್ದಿ ಥರ ಅವುಗಳ ಜೊತೆ ಮಾತಾಡ್ತಿದ್ರೆ, ನೀನು ಪಕ್ಕದಲ್ಲೇ ನಿಂತು 'ಹೌದಕ್ಕಾ, ಚಿಗುರಿದೆ' ಅಂದ್ಯಲ್ಲ!"

ನಾನು ಪುಸ್ತಕವನ್ನು ಗಂಡನ ಕೈಗೆ ತಳ್ಳಿದೆ. "ನೀನು ಬೈತೀಯ ಅಂತ ಹೆದರಲಿಲ್ಲ. ಅತ್ತುಬಿಡ್ತೀಯ ಅಂತ ಹೆದರಿದೆ. ತಪ್ಪಾಯ್ತು ಅಕ್ಕಾ" ಎನ್ನುವಷ್ಟರಲ್ಲಿ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಅಕ್ಕ ಎದ್ದು ಬಂದು ತಬ್ಬಿಕೊಂಡಳು. ಗಂಡ ಪರದಾಡುತ್ತಾ ಹಾಳೆ ಮಗುಚುತ್ತಿದ್ದ. "ಇದು ಯಾವ ಪುಟ? ನನಗೆ ಸಿಗ್ತಾನೇ ಇಲ್ಲ!"

ಹೊರಡುವಾಗ ಅಕ್ಕ ಪುಸ್ತಕವನ್ನು ಚೀಲಕ್ಕೆ ಸೇರಿಸಿದಳು.

"ಓದಿ ವಾಪಸ್ ಕೊಡ್ತೀಯಾ?" ಎಂದೆ.

"ಇಲ್ಲ. ಮುಂದಿನ ಸಲಾನೂ ನೀನು ಸ್ವಂತವಾಗಿ ಅಳಬೇಕಲ್ಲ!"