ಜೆಟ್ ಇಲ್ಲದ ಜೆಟ್ ಫೋಟೋಗಳು

ಜೆಟ್ ವಿಮಾನಗಳ ಫೋಟೋ ತೆಗೆಯುವುದರಲ್ಲಿ ನಮ್ಮ ಯಜಮಾನರು ಇಡೀ ಚಿಕ್ಕಬಳ್ಳಾಪುರಕ್ಕೇ ಹೆಸರುವಾಸಿ. ಹತ್ತು ವರ್ಷ ಬಿಡದೆ ತೆಗೆದು ಒಂದು ದಪ್ಪ ಆಲ್ಬಮ್ ತುಂಬಿಸಿದ್ದಾರೆ. ಕೊರತೆ ಒಂದೇ ಒಂದು. ಅದರ ಯಾವ ಫೋಟೋದಲ್ಲೂ ಜೆಟ್ ಇಲ್ಲ!

ನಂಬಿಕೆ ಬರದಿದ್ದರೆ ಬಂದು ನೋಡಿ. ಮೊದಲನೇ ಪುಟದಲ್ಲಿ ನಂದಿ ಬೆಟ್ಟದ ಮೇಲಿನ ಖಾಲಿ ಆಕಾಶ. ಎರಡನೇದರಲ್ಲಿ ಒಂದು ಹದ್ದು. ಮೂರನೇದರಲ್ಲಿ ಲೈಟು ಕಂಬ. ನಾಲ್ಕನೇದು ಪರವಾಗಿಲ್ಲ, ನಮ್ಮ ಮಾಳಿಗೆಯ ಮೇಲೆ ನಾನು ಒಣಹಾಕಿದ್ದ ಸೀರೆ. ಬಹಳ ಚೆನ್ನಾಗಿ ಬಿದ್ದಿದೆ, ಅಂಚಿನ ಹೂವು ಕೂಡ ಎಣಿಸಬಹುದು. ಪ್ರತಿಯೊಂದರ ಕೆಳಗೂ ಅವರ ದುಂಡು ಅಕ್ಷರದಲ್ಲಿ ‘ಜೆಟ್‌ಗಳು, ನಾಲ್ಕು’, ‘ಜೆಟ್‌ಗಳು, ಐದು’ ಎಂದು ಬರೆದಿದೆ. ನನ್ನ ಸೀರೆಯ ಕೆಳಗೆ ‘ಜೆಟ್‌ಗಳು, ಏಳು’!

ಅವರು ಜಂಗಮಕೋಟೆ ಕಡೆಯವರು. ಹಿಪ್ಪುನೇರಳೆ ತೋಟವನ್ನು ತಮ್ಮನಿಗೆ ಬಿಟ್ಟುಕೊಟ್ಟು, ಚಿಕ್ಕಬಳ್ಳಾಪುರದ ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟರು. ಕೆಳಗೆ ಸ್ಟುಡಿಯೋ, ಮೇಲೆ ಮನೆ. ಆ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ಜೆಟ್‌ಗಳು ಅಭ್ಯಾಸಕ್ಕೆಂದು ನಂದಿ ಬೆಟ್ಟದ ಮೇಲೆ, ಕಳವಾರ ಬೆಟ್ಟದ ಮೇಲೆ (ಈಗ ಎಲ್ಲರೂ ಸ್ಕಂದಗಿರಿ ಅನ್ನುತ್ತಾರಲ್ಲ, ಅದೇ) ಬಾಣದ ಹಾಗೆ ಸಾಲು ಕಟ್ಟಿಕೊಂಡು ಬರುತ್ತಿದ್ದವು. ಮೊದಲ ಸಲ ನೋಡಿದ ದಿನ ಯಜಮಾನರು ಬಾಯಿ ತೆರೆದವರು ಮುಚ್ಚಲೇ ಇಲ್ಲ. ಅಷ್ಟು ವೇಗದಲ್ಲಿ ಹೋಗುತ್ತಾ ಒಬ್ಬರೂ ಸಾಲು ತಪ್ಪುವುದಿಲ್ಲವಲ್ಲ! ನಮ್ಮಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಒಂದು ಪಂಕ್ತಿಯಲ್ಲಿ ಊಟಕ್ಕೆ ಕೂರಲಾರರು.

ಅವರ ಹತ್ತಿರ ಇದ್ದದ್ದು ಎದೆಯ ಮಟ್ಟಕ್ಕೆ ಹಿಡಿದು, ಮೇಲಿನಿಂದ ತಲೆ ಬಗ್ಗಿಸಿ ಗಾಜಿನೊಳಗೆ ನೋಡುವ ಕ್ಯಾಮೆರಾ. ಅಂದರೆ ಆಕಾಶದ ಫೋಟೋ ತೆಗೆಯಲು ನೆಲದ ಕಡೆ ಮುಖ ಮಾಡಬೇಕು! ಸಾಲದ್ದಕ್ಕೆ ಆ ಗಾಜಿನಲ್ಲಿ ಎಡಬಲ ಅದಲುಬದಲು. ಜೆಟ್ ಗೌರಿಬಿದನೂರಿನ ಕಡೆ ಹೋದರೆ ಗಾಜಿನಲ್ಲಿ ಚಿಂತಾಮಣಿಯ ಕಡೆ ಹೋಗುತ್ತದೆ. ಯಜಮಾನರು ಅದರ ಹಿಂದೆ ಚಿಂತಾಮಣಿಗೆ ತಿರುಗುತ್ತಿದ್ದರು. ಹದ್ದು ಬೀಳದೆ ಇನ್ನೇನು ಬಿದ್ದೀತು?

ಪಕ್ಕದಲ್ಲಿ ದರ್ಜಿ ಸಾಬರ ಅಂಗಡಿ. ಜೆಟ್ ಸದ್ದು ನಿಂತ ಕೂಡಲೇ ಅವರು ಮಿಷನ್ ನಿಲ್ಲಿಸಿ ಹೊರಗೆ ಬರುವರು.

“ಏನ್ ಫೋಟೋ ಸಾಬ್, ಇವತ್ತು ಜೆಟ್ ಬಿತ್ತೋ, ಹದ್ದು ಬಿತ್ತೋ?”

“ಜೆಟ್ಟೇ ಕಣ್ರೀ ಸಾಬ್ರೇ! ಡೆವಲಪ್ ಮಾಡಿ ತೋರಿಸ್ತೀನಿ ಇರಿ.”

“ತೋರ್ಸಿ, ತೋರ್ಸಿ. ಆದ್ರೆ ಹೋದ್ ಸಲದ ಹದ್ದು ಬಹಳ ಚೆನ್ನಾಗಿತ್ತು. ನಮ್ ಮನೇಲಿ ಇನ್ನೊಂದು ಕಾಪಿ ಕೇಳ್ತಾವ್ರೆ.”

ಒಮ್ಮೆ ಬೆಂಗಳೂರಿನಲ್ಲಿ ವಿಮಾನಗಳ ಪ್ರದರ್ಶನ ಎಂದು ಗೊತ್ತಾಗಿ ನನ್ನನ್ನೂ ಎಳೆದುಕೊಂಡು ಹೋದರು. ನಮ್ಮ ಪುಟ್ಟ ರೈಲಿನಲ್ಲಿ ಹೋಗಿ, ಬಿಸಿಲಿನಲ್ಲಿ ನಿಂತು, ಬುತ್ತಿಯ ಚಿತ್ರಾನ್ನ ಬೆವರಿ ಹೋಯಿತು. ಜೆಟ್‌ಗಳು ಬಂದವು. ಜನರೆಲ್ಲ ‘ಅಗೋ!’ ಎಂದರು. ಯಜಮಾನರು ಒತ್ತಿದರು. ಫೋಟೋ ತೊಳೆದು ನೋಡಿದರೆ ಸುಮಾರು ಐವತ್ತು ಕೈ, ಐವತ್ತು ತೋರುಬೆರಳು, ಎಲ್ಲ ಒಂದೇ ಕಡೆ ತೋರಿಸುತ್ತಿವೆ. ತೋರಿಸುತ್ತಿರುವ ಜಾಗಕ್ಕೆ ಸರಿಯಾಗಿ ಒಂದು ಅಗಲವಾದ ಛತ್ರಿ ಅಡ್ಡ ಬಂದಿದೆ. ಛತ್ರಿ ಯಾರದು ಎಂದು ಕೇಳಬೇಡಿ. ನನಗೆ ಬಿಸಿಲು ಆಗಿಬರುವುದಿಲ್ಲ.

ಮದುವೆಗಳಲ್ಲಂತೂ ಇವರಿಂದ ಪಟ್ಟ ಪಾಡು! ಶಿಡ್ಲಘಟ್ಟದಲ್ಲಿ ಒಂದು ಮದುವೆ. ಗಟ್ಟಿಮೇಳ ಶುರುವಾಯಿತು. ಹುಡುಗ ತಾಳಿ ಎತ್ತಿ ಹಿಡಿದ. ಅದೇ ಹೊತ್ತಿಗೆ ಮೇಲೆ ಜೆಟ್ ಸದ್ದು! ಯಜಮಾನರು ಚಪ್ಪರದಿಂದ ಹೊರಕ್ಕೆ ಓಡಿದರು. ತಿರುಗಿ ಬರುವಷ್ಟರಲ್ಲಿ ಅಕ್ಷತೆ ಬಿದ್ದು, ಜನ ಊಟಕ್ಕೆ ಎದ್ದಿದ್ದರು. ಕೊನೆಗೆ ಊಟವಾದ ಮೇಲೆ ಹುಡುಗ ಹುಡುಗಿಯನ್ನು ಕೂರಿಸಿ ತಾಳಿ ಕಟ್ಟಿದ ಹಾಗೆ ಮಾಡಿಸಿ ಒಂದು ಫೋಟೋ ಹೊಡೆದರು. ಹುಡುಗಿ ಅಷ್ಟರಲ್ಲಿ ಎಲೆಅಡಿಕೆ ಹಾಕಿಕೊಂಡಿದ್ದಳು. ನೆಗೆಟಿವ್ ಮೇಲೆ ಕುಂಚ ಆಡಿಸಿ ಆ ದವಡೆಯ ಉಬ್ಬನ್ನು ಇಳಿಸಲು ನನಗೆ ಎರಡು ದಿನ ಹಿಡಿಯಿತು.

ಮಂಚೇನಹಳ್ಳಿಯದು ಇನ್ನೊಂದು. ಗ್ರೂಪ್ ಫೋಟೋ ಎಂದರೆ ಎಲ್ಲರೂ ಹಿಂದೆ ನಿಲ್ಲುವುದು, ಮುಂದೆ ಕೂರುವುದು. ನಮ್ಮವರಿಗೆ ಅದು ಸಾಲದು. ಹುಡುಗ ಹುಡುಗಿಯನ್ನು ತುದಿಯಲ್ಲಿ ನಿಲ್ಲಿಸಿ, ಮಿಕ್ಕವರನ್ನು ಎಡಕ್ಕೆ ಬಲಕ್ಕೆ ಓರೆಯಾಗಿ, ಜೆಟ್‌ಗಳ ಸಾಲಿನ ಹಾಗೆ ಹಿಂದಕ್ಕೆ ಹಿಂದಕ್ಕೆ ನಿಲ್ಲಿಸಿದರು.

“ಏಮಯ್ಯಾ, ನಾನು ಹುಡುಗನ ಸೋದರತ್ತೆ. ನನ್ನನ್ನ ದನದ ಕೊಟ್ಟಿಗೆ ಹತ್ರ ನಿಲ್ಸಿದ್ದೀಯಲ್ಲಾ?”

“ಅಮ್ಮಾ, ನೀವು ರೆಕ್ಕೆ ತುದಿ. ನೀವಿಲ್ದಿದ್ರೆ ಎಲ್ಲಾ ಬಿದ್ದೋಗುತ್ತೆ.”

“ಬಿದ್ದೋಗ್ಲಿ ಬಿಡು! ಹುಡುಗಿ ಕಡೆಯವರು ಮಾತ್ರ ಮುಂದೆ, ನಾವು ಕೊಟ್ಟಿಗೇಲಿ!”

ಎರಡು ಕಡೆಯವರಿಗೂ ಜಗಳ ಹತ್ತಿತು. ಆ ಫೋಟೋದಲ್ಲಿ ಹುಡುಗ ಹುಡುಗಿ ಮಾತ್ರ ಕ್ಯಾಮೆರಾ ನೋಡುತ್ತಿದ್ದಾರೆ. ಎರಡೂ ರೆಕ್ಕೆಗಳು ಒಂದನ್ನೊಂದು ಗುರಾಯಿಸುತ್ತಿವೆ.

ಇಷ್ಟು ಹೊತ್ತು ಅವರನ್ನು ನೋಡಿ ನಕ್ಕಿರಿ. ಇನ್ನು ನನ್ನ ಸರದಿ.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆದರೆ ನೆಗೆಟಿವ್ ತಿದ್ದುವುದರಲ್ಲಿ ನನ್ನ ಸಮಕ್ಕೆ ಯಾರೂ ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನೆಗೆಟಿವ್‌ನಲ್ಲಿ ಪ್ರಪಂಚ ಉಲ್ಟಾ. ಬಿಳಿ ಆಕಾಶ ಕಪ್ಪಾಗಿರುತ್ತದೆ, ಕಪ್ಪು ಮಚ್ಚೆ ಬಿಳಿ ಚುಕ್ಕೆಯಾಗಿರುತ್ತದೆ. ಫಿಲಂ ಮೇಲೆ ಧೂಳು ಕೂತಿದ್ದರೂ ಅದೇ ಬಿಳಿ ಚುಕ್ಕೆ. ನಾಲ್ಕೈದು ಕೂದಲಿನ ಕುಂಚದಲ್ಲಿ ಮಸಿ ತೆಗೆದುಕೊಂಡು ಆ ಚುಕ್ಕೆಯನ್ನು ಸುತ್ತಲಿನ ಕಪ್ಪಿಗೆ ಸರಿಸಮವಾಗಿ ತುಂಬಬೇಕು. ಪ್ರಿಂಟ್ ಹಾಕಿದಾಗ ಅಲ್ಲಿ ಏನೂ ಇರಲಿಲ್ಲ ಅನ್ನಿಸಬೇಕು. ಹುಡುಗಿಯರ ಮುಖದ ಸಿಡುಬಿನ ಕಲೆಗಳನ್ನು ಹಾಗೆಯೇ ಮಾಯ ಮಾಡುತ್ತಿದ್ದೆ. ಈ ಸೀಮೆಯಲ್ಲಿ ಎಷ್ಟು ಗಂಡುಗಳು ನನ್ನ ಕುಂಚವನ್ನು ಒಪ್ಪಿ ಮದುವೆಯಾಗಿದ್ದಾರೋ!

ಜಂಬ ಹೆಚ್ಚಾದರೆ ಕೈ ಸುಮ್ಮನಿರುವುದಿಲ್ಲ. ಗೌರಿಬಿದನೂರಿನವರೊಬ್ಬರು ಮಗುವಿನ ಫೋಟೋ ತೆಗೆಸಿದ್ದರು. ಕೆನ್ನೆಯ ಮೇಲೆ ದೊಡ್ಡದೊಂದು ಚುಕ್ಕೆ. ಕೊಳೆ ಇರಬೇಕೆಂದು ನೀಟಾಗಿ ಮುಚ್ಚಿದೆ. ಫೋಟೋ ನೋಡಿ ಆ ತಾಯಿ ಸ್ಟುಡಿಯೋಗೇ ಬಂದಳು.

“ದೃಷ್ಟಿಬೊಟ್ಟು ಅಳಿಸ್ತೀಯೇನಮ್ಮಾ? ಮಕ್ಕಳನ್ನ ಹೆತ್ತವಳಲ್ವಾ ನೀನು?”

ತಪ್ಪಾಯಿತೆಂದು ಪ್ರಿಂಟಿನ ಮೇಲೆ ಮತ್ತೆ ಬೊಟ್ಟು ಇಟ್ಟುಕೊಟ್ಟೆ. ಕುಂಚದಲ್ಲಿ ಮಸಿ ಹೆಚ್ಚಾಗಿ ಸ್ವಲ್ಪ ದಪ್ಪವಾಯಿತು. ಆ ಮನೆಯ ಗೋಡೆಯಲ್ಲಿ ಆ ಮಗು ಇವತ್ತಿಗೂ ಕೆನ್ನೆ ಮೇಲೆ ಹುಣಸೆಬೀಜ ಅಂಟಿಸಿಕೊಂಡು ನಗುತ್ತಿದೆ.

ಅಷ್ಟಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಅರವತ್ತರ ದಶಕದ ಕೊನೆ. ಯಜಮಾನರಿಗೆ ಐವತ್ತು ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಕಳವಾರ ಬೆಟ್ಟದ ಬುಡದಲ್ಲಿ, ನೆಂಟರ ಹೊಲದ ಬಂಡೆಯ ಮೇಲೆ ಸ್ಟ್ಯಾಂಡ್ ಇಟ್ಟು ಕಾದೆವು. ಈ ಸಲ ಕ್ಯಾಮೆರಾ ತಿರುಗಿಸುವುದೇ ಇಲ್ಲ, ಬೆಟ್ಟಕ್ಕೆ ಗುರಿಯಿಟ್ಟು ಕೂರುವುದು, ಅವೇ ಬಂದು ಬೀಳಲಿ ಎಂದು ಅವರ ಲೆಕ್ಕಾಚಾರ. ಬಂದವು! ಬೆಟ್ಟದ ನೆತ್ತಿಯ ಮೇಲೆ, ಗಿಣಿಯ ಕೊಕ್ಕಿನಷ್ಟು ಚೂಪಾಗಿ.

“ಒಂಬತ್ತು!” ಎಂದು ನಾನು ಕೂಗಿದೆ.

“ಒಂಬತ್ತು!” ಎಂದು ಅವರೂ ಕೂಗಿ ಒತ್ತಿದರು. “ಸಿಕ್ತು ಕಣೇ, ಸಿಕ್ತು! ಗಾಜಿನಲ್ಲಿ ನೋಡಿ ಒತ್ತಿದ್ದೀನಿ!” ಆ ದಿನ ಒಂದು ಮುದ್ದೆ ಹೆಚ್ಚಿಗೆ ಉಂಡರು.

ಎರಡು ದಿನದ ಮೇಲೆ ನಾನು ಮಾಮೂಲಿನಂತೆ ಕುಂಚ ಹಿಡಿದು ಕೂತೆ. ಮದುವೆಯ ನೆಗೆಟಿವ್‌ಗಳ ಜೊತೆಗೆ ಒಂದು ಬೆಟ್ಟದ್ದೂ ಇತ್ತು. ಸ್ಟುಡಿಯೋದ ಪರದೆಗೆ ಬೆಟ್ಟ ಬರೆಸಬೇಕು ಎನ್ನುತ್ತಿದ್ದರು, ಅದಕ್ಕೇ ಇರಬೇಕು ಅಂದುಕೊಂಡೆ. ಆಕಾಶದ ತುಂಬ ಧೂಳು! “ಫಿಲಂ ಹಾಕೋವಾಗ ಒರೆಸೋದೇ ಇಲ್ಲ ಈ ಮನುಷ್ಯ” ಎಂದು ಗೊಣಗುತ್ತಾ ಒಂದೊಂದೇ ಚುಕ್ಕೆ ಮುಚ್ಚಿದೆ. ಒಂಬತ್ತು ಚುಕ್ಕೆ. ಎಣಿಸಿದೆ ಕೂಡ! ಒಂದೇ ನೆಗೆಟಿವ್‌ನಲ್ಲಿ ಒಂಬತ್ತು ಚುಕ್ಕೆ ತೆಗೆದೆನಲ್ಲಾ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪೆದ್ದರಿಗೆಂದೇ ಒಂದು ಮಠ ಇದ್ದಿದ್ದರೆ ನನ್ನನ್ನು ಪೀಠದ ಮೇಲೆ ಕೂರಿಸುತ್ತಿದ್ದರು.

ಸಂಜೆ ಯಜಮಾನರು ಡಾರ್ಕ್ ರೂಮಿಗೆ ಕರೆದರು. ಕೆಂಪು ದೀಪದಲ್ಲಿ, ತಟ್ಟೆಯ ನೀರಿನೊಳಗೆ ದೊಡ್ಡ ಕಾಗದ. ಬಂಡೆ ಎದ್ದಿತು. ಬೆಟ್ಟ ಎದ್ದಿತು. ಆಕಾಶ ಹಾಗೇ ಬೆಳ್ಳಗೆ ಉಳಿಯಿತು. ಅವರು ಕಾದರು. ಬೆಟ್ಟವೇ ಕರ್ರಗಾಗುವ ತನಕ ಕಾದರು. ನನಗೆ ಆ ಕ್ಷಣದಲ್ಲಿ ಎಲ್ಲ ಹೊಳೆಯಿತು. ಹೊಳೆದು, ಬಾಯಿ ಮುಚ್ಚಿಕೊಂಡೆ. ಯಾರ ಕೆಲಸದಲ್ಲಾದರೂ ತಪ್ಪಿದ್ದರೆ ಮುಖದ ಮೇಲೆ ಹೇಳುವವಳು ನಾನು. ನನ್ನ ತಪ್ಪಿಗೆ ಮಾತ್ರ ನಾಲಿಗೆ ಏಳಲಿಲ್ಲ.

ಅವರು ಬೈದಿದ್ದರೆ, ಕ್ಯಾಮೆರಾ ಕುಟ್ಟಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಚಿಂತಾಮಣಿಯಿಂದ ಮದುವೆ ಗೊತ್ತು ಮಾಡಲು ಬಂದವರಿಗೆ “ಬೇರೆಯವರನ್ನ ನೋಡ್ಕೊಳ್ಳಿ” ಎಂದು ಕಳುಹಿಸಿದರು. ಕ್ಯಾಮೆರಾ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಒಂದು ವಾರ ಸ್ಟುಡಿಯೋ ಬಾಗಿಲಲ್ಲಿ ಸುಮ್ಮನೆ ಕೂತರು.

“ಏನ್ರೀ ಇದು, ಒಂದು ಜೆಟ್ ಬೀಳ್ಲಿಲ್ಲ ಅಂತ?” ಎಂದೆ, ಏನೂ ಅರಿಯದವಳ ಹಾಗೆ.

“ಜೆಟ್ ಹಾಳಾಗ್ಲಿ ಬಿಡೇ. ಗಾಜಿನಲ್ಲಿ ನಾನು ಕಂಡೆ. ಫಿಲಂನಲ್ಲಿ ಇಲ್ಲ. ಫಿಲಂಗೆ ಸುಳ್ಳು ಹೇಳಕ್ಕೆ ಬರುತ್ತಾ? ನನ್ ಕಣ್ಣೇ ಇಲ್ಲದ್ದನ್ನ ತೋರಿಸ್ತಾ ಇದೆ. ನಮ್ಮಪ್ಪನಿಗೂ ಹಿಂಗೇ ಶುರುವಾಗಿದ್ದು.”

ನಮ್ಮ ಮಾವನವರನ್ನು ನಾನು ಕಂಡಿದ್ದೆ. ಐವತ್ತು ದಾಟುವಷ್ಟರಲ್ಲಿ ದೃಷ್ಟಿ ಪೂರ್ತಿ ಹೋಗಿ, ಜಗಲಿಯ ಮೇಲೆ ಕೂತು ಹೆಜ್ಜೆ ಸದ್ದಿನಲ್ಲಿ ಜನರನ್ನು ಗುರುತು ಹಿಡಿಯುತ್ತಿದ್ದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಉಂಡೆ. ಆದರೆ ಬೆಳಿಗ್ಗೆ ಎದ್ದವಳೇ ಹೇಳಿದೆ.

“ರೀ, ನಿಮ್ ಕಣ್ಣಿಗೇನೂ ಆಗಿಲ್ಲ. ಆಗಿರೋದು ನನ್ ತಲೆಗೆ. ನಿಮ್ ಜೆಟ್ಟನ್ನೆಲ್ಲ ನಾನೇ ಅಳಿಸಿ ಹಾಕ್ದೆ.”

“ಏನಂದೆ?”

“ಧೂಳು ಅನ್ಕೊಂಡೆ. ಮಸಿ ತುಂಬ್ದೆ. ಒಂಬತ್ತಕ್ಕೂ.”

ನನ್ನನ್ನೇ ನೋಡಿದರು. ಆಮೇಲೆ ನಕ್ಕರು ನೋಡಿ! ಆ ನಗುವಿಗೆ ದರ್ಜಿ ಸಾಬರು ಕತ್ತರಿ ಹಿಡಿದೇ ಓಡಿ ಬಂದರು.

“ಕ್ಯಾ ಹುವಾ, ಫೋಟೋ ಸಾಬ್?”

“ನಮ್ಮವಳು ಒಂಬತ್ತು ಜೆಟ್ ಹೊಡೆದು ಉರುಳಿಸಿದ್ದಾಳೆ ಸಾಬ್ರೇ! ಯಾವ ದೇಶದ ದಂಡಿಗೂ ಆಗದ ಕೆಲಸ! ನಾಲ್ಕು ಕೂದಲಿನ ಕುಂಚದಲ್ಲಿ!”

ಮಸಿ ಒಳಕ್ಕೆ ಇಳಿದುಬಿಟ್ಟರೆ ತೊಳೆದರೂ ಹೋಗುವುದಿಲ್ಲ, ಫಿಲಂ ಹಾಳಾಗುತ್ತದೆ ಅಷ್ಟೆ. ಆದರೂ ನೆಗೆಟಿವ್ ತಂದು ಕಿಟಕಿಯ ಹತ್ತಿರ ನಿಂತರು. ಬೆಳಕಿಗೆ ಓರೆಯಾಗಿ ಹಿಡಿದರೆ ಮಸಿ ತುಂಬಿದ ಕಡೆ ಸಣ್ಣಗೆ ಮಿಣುಕುತ್ತದೆ. ಭೂತಕನ್ನಡಿ ಕೊಡಲು ಹೋದೆ. ಬೇಡವೆಂದು ಕೈ ಆಡಿಸಿ, ಬರಿಗಣ್ಣಿನಲ್ಲಿ ಎಣಿಸತೊಡಗಿದರು.

“ಒಂದು... ಎರಡು... ಸಾಲು ನೋಡೇ, ಹೆಂಗಿದೆ... ಐದು... ಆರು... ಏಳು.”

ನಿಂತರು. ಕಣ್ಣು ಉಜ್ಜಿಕೊಂಡರು. ಮತ್ತೆ ಮೊದಲಿನಿಂದ ಎಣಿಸಿದರು. ಏಳು. ಮುಖದಲ್ಲಿ ಇದ್ದ ನಗು ಅಲ್ಲೇ ನಿಂತಿತು, ಇಳಿಯಲೂ ಇಲ್ಲ.

“ಇನ್ನೆರಡು ಎಲ್ಲೇ?”

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಬಲಗಡೆಯ ರೆಕ್ಕೆಯ ತುದಿಯಲ್ಲಿ, ಸಾಸಿವೆಗಿಂತ ಸಣ್ಣಗೆ, ಎರಡೂ ಮಿಣುಕುತ್ತಿದ್ದವು.

“ಆ ಎರಡನ್ನ ಕೊನೇಲಿ ತುಂಬಿದ್ದು. ಅಷ್ಟೊತ್ತಿಗೆ ಕೈ ಪಳಗಿತ್ತು ನೋಡಿ. ಎಷ್ಟು ನುಣ್ಣಗೆ ಕೂತಿದೆ ಅಂದ್ರೆ ನಂಗೇ ಕಾಣ್ತಿಲ್ಲ.”

“ನಿಂಗೂ ಕಾಣ್ತಿಲ್ವಾ?”

“ಇಲ್ಲ.”

“ಜಂಬಗಾತಿ,” ಎಂದರು. ನೆಗೆಟಿವನ್ನು ಮೆಲ್ಲಗೆ ಕಾಗದದಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡರು.

ಚಿಂತಾಮಣಿಯವರಿಗೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ಆ ಮದುವೆಗೆ ಹೋದೆವು, ಇಬ್ಬರೂ. ಸ್ಟ್ಯಾಂಡ್ ಹೊರಲು ಆಳು ಸಿಗಲಿಲ್ಲ ಎಂದು ಹೇಳಿಕೊಂಡು ನಾನೂ ಹೊರಟಿದ್ದೆ. ಗಟ್ಟಿಮೇಳದ ಹೊತ್ತಿಗೆ ಅವರ ತಲೆಯ ಪಕ್ಕದಲ್ಲಿ ನನ್ನ ತಲೆಯನ್ನೂ ಗಾಜಿನ ಮೇಲೆ ಬಗ್ಗಿಸಿದೆ. ಹುಡುಗಿಯ ಮೂಗುತಿಯ ಹರಳು ಚೂಪಾಗಿ ಕಾಣುವ ತನಕ ಪಕ್ಕದ ಗುಂಡಿ ತಿರುಗಿಸಿದೆ.

“ಈಗ ಒತ್ತಿ,” ಎಂದೆ.

ಯಾಕೆ ಎಂದು ಅವರು ಕೇಳಲಿಲ್ಲ. ಒತ್ತಿದರು.