ಅತ್ತೆಯ ಡೇಟಾಬೇಸಿಗೆ ದಾರಿ

ನಮ್ಮ ಅತ್ತೆಯ ಮನೆಯೊಳಗೆ ಹೋಗುವುದು ಸುಲಭ, ಅವರ ಡೇಟಾಬೇಸಿನೊಳಗೆ ಹೋಗುವುದು ಕಷ್ಟ. ಶೆಟ್ಟಿಹಳ್ಳಿಯ ಆ ಮನೆಯ ಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತದೆ, ಬರುವವರು ಮಾತ್ರ ಇಲ್ಲ. ಡೇಟಾಬೇಸಿಗೆ ಬೀಗದ ಮೇಲೆ ಬೀಗ, ಅಲ್ಲಿ ನಾವೆಲ್ಲ ಸಾಲುಗಟ್ಟಿ ನಿಲ್ಲುತ್ತೇವೆ!

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮದುವೆಯಾಗಲಿಲ್ಲ. ತುಮಕೂರಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದರು. ನಿವೃತ್ತರಾದವರು ಸಾಮಾನ್ಯವಾಗಿ ವಾಕಿಂಗ್ ಶುರು ಮಾಡುತ್ತಾರೆ. ಇವರು ನಮ್ಮ ಕುಟುಂಬಕ್ಕೊಂದು ಆ್ಯಪ್ ಮಾಡಿದರು. ಏಣಿ, ಶಾವಿಗೆ ಒರಳು, ದೊಡ್ಡ ಇಡ್ಲಿ ಪಾತ್ರೆ, ಮಡಿಸುವ ಮಂಚ ಇವೆಲ್ಲ ನಮ್ಮ ಇಡೀ ಬಳಗಕ್ಕೆ ಒಂದೊಂದೇ. ಗುಬ್ಬಿಯಿಂದ ಊರ್ಡಿಗೆರೆಗೆ, ಅಲ್ಲಿಂದ ಕುಣಿಗಲ್ಲಿನ ನಮ್ಮ ಮನೆಗೆ ತಿರುಗುತ್ತಲೇ ಇರುತ್ತವೆ. ಯಾವುದು ಯಾರ ಮನೆಯಲ್ಲಿದೆ ಎನ್ನುವ ವಿವರವನ್ನು ಅತ್ತೆ ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ದೂರದ ಕಂಪನಿಯೊಂದರ ಯಂತ್ರದಲ್ಲಿ ಇಟ್ಟರು. ಅದೇ ಅವರ ಡೇಟಾಬೇಸು. ನಮ್ಮ ಫೋನಿನ ಆ್ಯಪ್ ಅಲ್ಲಿಗೆ ಹೋಗಿ ಕೇಳಿಕೊಂಡು ಬರಬೇಕು.

ಹೋಗುವುದೇನೋ ಸರಿ, ಒಳಗೆ ಬಿಡಬೇಕಲ್ಲ? ಪ್ರತಿ ಮನೆಯ ಇಂಟರ್‌ನೆಟ್ಟಿಗೂ ವಿಳಾಸದ ಹಾಗೆ ಒಂದು ನಂಬರಿರುತ್ತದೆ. ಯಾವ ಯಾವ ಮನೆಯ ಇಂಟರ್‌ನೆಟ್ ನಂಬರಿಗೆ ಪ್ರವೇಶ ಎಂದು ಅತ್ತೆ ಒಂದು ಪಟ್ಟಿ ಮಾಡಿದ್ದರು. ಪಟ್ಟಿಯಲ್ಲಿಲ್ಲದವರು ಗೇಟಿನ ಹೊರಗೆ. ಆ ನಂಬರೋ, ಕರೆಂಟು ಒಂದು ಸಲ ಹೋಗಿ ಬಂದರೆ ಸಾಕು, ಬದಲಾಗಿಬಿಡುತ್ತದೆ. ಪ್ರತಿ ಸಲವೂ ಅತ್ತೆಗೆ ಫೋನ್ ಮಾಡಿ ಹೊಸದನ್ನು ಓದಿ ಹೇಳಬೇಕು, ಅವರು ಸೇರಿಸಬೇಕು. ಊರ್ಡಿಗೆರೆಯ ಚಿಕ್ಕಪ್ಪನಿಗೆ ನಂಬರ್ ಓದು ಎಂದಾಗ ಅವರು ಗೋಡೆಯ ಮೇಲಿನ ಕರೆಂಟು ಮೀಟರನ್ನು ಓದಿದ್ದರು. ಅತ್ತೆ ಅದನ್ನು ಶ್ರದ್ಧೆಯಿಂದ ಬರೆದುಕೊಂಡು ಅರ್ಧ ಗಂಟೆ ತಲೆ ಕೆಡಿಸಿಕೊಂಡರಂತೆ.

ಒಮ್ಮೆ ನನ್ನ ಹೆಂಡತಿಗೆ ಶಾವಿಗೆ ಒರಳು ಬೇಕಾಯಿತು. ಫೋನ್ ಮಾಡಿದೆ. ನಂಬರು ಸೇರಿಸುವುದು ಒಂದು ನಿಮಿಷದ ಕೆಲಸ, ಅತ್ತೆ ನಲವತ್ತು ನಿಮಿಷ ಮಾಡಿದರು. ನನ್ನ ಮಂಡಿನೋವು, ಇವಳ ಟ್ರಾನ್ಸ್‌ಫರ್, ಗುಬ್ಬಿಯ ದೊಡ್ಡಪ್ಪನ ಹೊಸ ಕನ್ನಡಕ, ಎಲ್ಲ ವಿಚಾರಿಸಿದರು. ನಡುನಡುವೆ, ಇರು, ಸೇವ್ ಆಗ್ತಾ ಇದೆ ಎನ್ನುತ್ತಿದ್ದರು. ಕೊನೆಗೂ ಆ್ಯಪ್ ತೆರೆಯಿತು. ಒರಳು ಇದ್ದದ್ದು ನಮ್ಮದೇ ಅಟ್ಟದ ಮೇಲೆ!

ಹೋದ ತಿಂಗಳು, ನಮ್ಮ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗೆಳೆಯ ಇದನ್ನೆಲ್ಲ ಕೇಳಿ ನಕ್ಕ. ಆ್ಯಪಿಗೂ ಡೇಟಾಬೇಸಿಗೂ ನಡುವೆ ಒಂದು ಸರ್ವರ್, ಅಂದರೆ ಸದಾ ಚಾಲೂ ಇರುವ ಇನ್ನೊಂದು ಯಂತ್ರ ಇಟ್ಟು, ಎಂದೂ ಬದಲಾಗದ ಅದರ ನಂಬರೊಂದನ್ನೇ ಪಟ್ಟಿಗೆ ಸೇರಿಸಿದರೆ ಮುಗಿಯಿತು, ಎಲ್ಲರೂ ಅದರ ಮೂಲಕವೇ ಹೋಗಬಹುದು, ಯಾರೂ ಯಾರಿಗೂ ಫೋನ್ ಮಾಡಬೇಕಾಗಿಲ್ಲ ಎಂದ. ಅತ್ತೆಗೇ ಪಾಠ ಹೇಳುವ ಉಮೇದಿನಲ್ಲಿ ಭಾನುವಾರ ಶೆಟ್ಟಿಹಳ್ಳಿಗೆ ಹೋದೆ.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಆ ಸರ್ವರ್ ಅಲ್ಲಿ ಸಿದ್ಧವಾಗಿಯೇ ಇತ್ತು. ಮಾಡಿ ಎರಡು ವರ್ಷವಾಗಿತ್ತು. ಚಾಲೂ ಮಾಡಿರಲಿಲ್ಲ, ಅಷ್ಟೆ.

"ಇದನ್ನ ಆನ್ ಮಾಡಿದ್ರೆ ನಿಮ್ಗೆಲ್ಲ ಸುಲಭ ಕಣೋ. ಆಮೇಲೆ ನಂಗ್ಯಾರು ಫೋನ್ ಮಾಡ್ತಾರೆ?"

ನಗಲು ನೋಡಿದೆ, ಆಗಲಿಲ್ಲ. ನಾನು ಕೂತಿದ್ದ ಕುರ್ಚಿ ಆ ಮನೆಯಲ್ಲಿ ಮಡಿಸಿದ ಬಟ್ಟೆ ಇಡುವ ಜಾಗ. ನಾನು ಬಂದೆನೆಂದು ಬಟ್ಟೆಯನ್ನೆಲ್ಲ ಮಂಚಕ್ಕೆ ಸಾಗಿಸಿದ್ದರು. ಬೇಡ, ಸರ್ವರ್ ಹಾಗೇ ಇರಲಿ ಎಂದು ನಾನು ಹೇಳುವಷ್ಟರಲ್ಲಿ ಅತ್ತೆ ಬಟನ್ ಒತ್ತಿಬಿಟ್ಟರು. ನಿಮಗೂ ಕೆಲಸಗಳಿರುತ್ತವಲ್ಲ ಎಂದರು.

ಮರುದಿನದಿಂದ ಆ್ಯಪ್ ಎಲ್ಲರ ಮನೆಯಲ್ಲೂ ಥಟ್ಟನೆ ತೆರೆಯತೊಡಗಿತು. ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಹಾಕಿದರು. ಅಲ್ಲಿಗೆ ಮುಗಿಯಿತು.

ಬುಧವಾರ ಸಂಜೆ ನಾನು ಫೋನ್ ಮಾಡಿದೆ. ಮೊದಲ ರಿಂಗಿಗೇ ಅತ್ತೆ ಎತ್ತಿದರು.

"ಏನಾಯ್ತೋ, ಕನೆಕ್ಟ್ ಆಗ್ತಿಲ್ವಾ? ನಂಬರ್ ಹೇಳು."

"ಆಗ್ತಿದೆ ಅತ್ತೆ. ಸುಮ್ನೆ ಮಾಡ್ದೆ."

ಆ ಕಡೆಯಿಂದ ಒಗ್ಗರಣೆ ಚಟಪಟ ಎನ್ನುವುದು ಕೇಳುತ್ತಿತ್ತು.

"ಹಂಗಾದ್ರೆ ತಡಿ," ಎಂದರು ಅತ್ತೆ, "ಸ್ಟೌ ಆರಿಸಿ ಬರ್ತೀನಿ."