‘ನಾಳೆ ಬಾ’ ವಕೀಲರು

ಕೋರ್ಟಿನ ಸುತ್ತಮುತ್ತ ನಗು ಹುಟ್ಟುತ್ತಲೇ ಇರುತ್ತದೆ, ಆದರೆ ನಗಬಾರದ ಹೊತ್ತಿಗೆ. ನಾನು ಗೋವಾದ ಮಡಗಾಂವದಲ್ಲಿ ಅರ್ಜಿ ಟೈಪ್ ಮಾಡುತ್ತ, ಕೊಂಕಣಿ ಬಾರದ ನಮ್ಮ ಉತ್ತರ ಕರ್ನಾಟಕದ ಮಂದಿಗೆ ದುಭಾಷಿಯಾಗಿ ಬದುಕುವವನು. ಅವರಲ್ಲಿ ಫಾತೋರ್ಡಾದಲ್ಲಿದ್ದ ಒಬ್ಬ ಅಕ್ಕನ ಜೊತೆ ಓಡಾಡಿದಾಗ ಹೀಗೆ ಬಹಳ ಸಲ ತುಟಿ ಕಚ್ಚಿಕೊಂಡಿದ್ದೇನೆ.

ಎರಡು ಪದ

ಅಕ್ಕನ ಗಂಡ ಗಾರೆ ಕೆಲಸದ ಗೌಂಡಿ. ದಾಬೋಲಿಮ್‌ನಲ್ಲಿ ಕಟ್ಟಡದ ಮೇಲಿಂದ ಬಿದ್ದು, ಸೊಂಟ ಮುರಿದು ಹಾಸಿಗೆ ಹಿಡಿದಿದ್ದ. ಪರಿಹಾರದ ಕೇಸು ಹಾಕಿದ್ದ ವಕೀಲರು ಗೋವಾದವರು. ಮಾತೆಲ್ಲ ಹಿಂದಿಯಲ್ಲಿ. ಕನ್ನಡದಲ್ಲಿ ಅವರು ಕಲಿತದ್ದು ಎರಡೇ ಪದ: ‘ನಾಳೆ ಬಾ’.

ದೆವ್ವ ಒಳಗೆ ಬರದಿರಲೆಂದು ನಮ್ಮವರು ಬಾಗಿಲ ಮೇಲೆ ಬರೆಯುತ್ತಿದ್ದ ಮಾತು ಅದು. ದೆವ್ವ ಓದಿ ವಾಪಸು ಹೋಗುತ್ತಿತ್ತಂತೆ. ಅಕ್ಕ ಮಾತ್ರ ನಂಬಿ ಮರುದಿನ ಮತ್ತೆ ಹೋಗುತ್ತಿದ್ದಳು.

ವಕೀಲರು ಹಾಜರಾಗದೆ ಕೇಸು ಎಂದೋ ವಜಾ ಆಗಿತ್ತು. ಅದನ್ನು ಆಕೆಗೆ ನಾನೇ ಹೇಳಬೇಕಾಯಿತು. “ಮತ್ತ ಸಾಹೇಬ್ರು ದಿನಾ ಯಾಕ ಬಾ ಅಂತಿದ್ರು ಅಣ್ಣಾರ?” ಎಂದಳು.

ದೂರು

ವಕೀಲರ ಶಿಸ್ತು ಸಮಿತಿಗೆ ದೂರು ಬರೆದೆ. ತಪ್ಪು ವಕೀಲರದು ಎಂದು ಸಮಿತಿ ಹೇಳಿದರೆ ಸತ್ತ ಕೇಸಿಗೆ ಮತ್ತೆ ಜೀವ ಬರಬಹುದಿತ್ತು. ಆ ಮನೆಗೆ ಉಳಿದ ಆಸೆ ಅದೊಂದೇ.

ಹೆಬ್ಬೆಟ್ಟಿಗೆ ಮಸಿ ಹಚ್ಚಿದ ಮೇಲೆ ಅಕ್ಕ ಕೈ ಹಿಂದೆ ಎಳೆದುಕೊಂಡಳು. “ತಡೀರಿ, ನಮ್ಮ ವಕೀಲ ಸಾಹೇಬ್ರಿಗೆ ಒಮ್ಮೆ ತೋರಿಸಿ ಬರ್ತೇನಿ.”

“ಯಾವ ವಕೀಲರಿಗೆ?”

“ಅವರಿಗೇ ರೀ. ತಮ್ಮನ್ನ ಕೇಳದ ಎಲ್ಲೂ ಹೆಬ್ಬೆಟ್ಟು ಒತ್ತಬ್ಯಾಡ ಅಂದಾರ.”

ಪುಣ್ಯಾತ್ಮರು ಆಕೆಗೆ ಕೊಟ್ಟ ಒಳ್ಳೆಯ ಸಲಹೆ ಅದೊಂದೇ. ಅದನ್ನು ಮುರಿಸಲು ನನಗೆ ಅರ್ಧ ದಿನ ಹಿಡಿಯಿತು.

ವಿಚಾರಣೆ

ಸಮಿತಿಯ ಅಧ್ಯಕ್ಷರು ಕೇಳಿದರು, “ನಿಮ್ಮ ಪರವಾಗಿ ವಕೀಲರು ಯಾರಾದರೂ ಇದ್ದಾರೆಯೇ?”

ಪ್ರಶ್ನೆಯನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅಕ್ಕ ಎದುರಿಗೆ ಕೂತಿದ್ದ ಆರೋಪಿ ವಕೀಲರತ್ತ ಕೈ ಮಾಡಿ, “ಇವರ ನೋಡ್ರಿ. ಇವತ್ತರ ಬಂದಾರ” ಎಂದಳು.

ಆ ವಕೀಲರು ಗಾಬರಿಯಾದರೋ, ಅಭ್ಯಾಸಬಲವೋ, ಥಟ್ಟನೆ ಎದ್ದು ನಿಂತು ಇನ್ನೊಂದು ತಾರೀಕು ಕೇಳಿದರು. “ಯಾರ ಪರವಾಗಿ?” ಎಂದರು ಅಧ್ಯಕ್ಷರು.

ನಗು ತಡೆಯಲಾಗದೆ ಅಕ್ಕನ ಕಡೆ ತಿರುಗಿದೆ. ಕಡೆಗೂ ತನಗಾಗಿ ಒಬ್ಬರು ಎದ್ದು ನಿಂತರೆಂದು ಆಕೆಯ ಮುಖದಲ್ಲಿ ಸಮಾಧಾನವಿತ್ತು. ನಾನು ತುಟಿ ಕಚ್ಚಿಕೊಂಡೆ.

ಅನುವಾದ

ಮುಂದೆ ತೀರ್ಮಾನವಾಯಿತು. ತಪ್ಪು ವಕೀಲರದು, ಒಂದು ವರ್ಷ ಅವರು ಕರಿಕೋಟು ಹಾಕುವಂತಿಲ್ಲ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅದೇ ಆಧಾರದ ಮೇಲೆ ಬೇರೊಬ್ಬ ವಕೀಲೆ ಕೇಸನ್ನು ಮತ್ತೆ ತೆರೆಸಲು ಒಪ್ಪಿದರು, ತೆರೆಸಿದರು ಕೂಡ.

ತೀರ್ಮಾನದ ದಿನವೇ ಹೊರಗೆ ಪಡಸಾಲೆಯಲ್ಲಿ ಹಳೆಯ ವಕೀಲರು ಎದುರಾದರು. ಅಕ್ಕ ರೂಢಿಯಂತೆ ಕೈ ಮುಗಿದಳು. ತಲೆ ಕೆಟ್ಟಿದ್ದ ಅವರ ಬಾಯಿಂದ ರೂಢಿಯಂತೆಯೇ ಬಂತು: “ನಾಳೆ ಬಾ.”

ಅಕ್ಕ ಕಣ್ಣೊರೆಸಿಕೊಂಡಳು. ದನಿ ಏರಿಸಲಿಲ್ಲ, ಮರ್ಯಾದೆಯನ್ನೂ ಬಿಡಲಿಲ್ಲ.

“ನಾಳೆ ನೀವ ಇರೂದಿಲ್ಲಲ್ರಿ ಸಾಹೇಬ್ರ. ನೀವು ಮುಂದಿನ ವರ್ಷ ಬರ್ರಿ.”

ವಕೀಲರಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದರು. ದುಭಾಷಿಯ ಕೆಲಸ ನನ್ನದು. ಒಂದು ಪದವೂ ಬಿಡದೆ ಕೊಂಕಣಿಯಲ್ಲಿ ಹೇಳಿದೆ.